ಆರ್ಕಿಡ್ ಎಲೆ ಸೊರಗಿದರೆ: ನೀರು ಹಾಕುವ ಮೊದಲು ಬೇರು ನೋಡಿ

ಎಲೆ ಜೋತುಬಿದ್ದಿದೆ. ಮುಟ್ಟಿದರೆ ಬಿಗುವಿಲ್ಲ, ಹಳೆಯ ತೊಗಲಿನ ಹಾಗೆ ಬಾಗುತ್ತದೆ. ಮೇಲೆ ಉದ್ದಕ್ಕೂ ಸುಕ್ಕು. ಆರ್ಕಿಡ್ ಹೀಗೆ ಕಂಡ ಕೂಡಲೇ ಕೈ ತಾನಾಗಿ ನೀರಿನ ಕಡೆ ಹೋಗುತ್ತದೆ. ಮನೆಯೊಳಗಿನ ಆರ್ಕಿಡ್‌ಗಳು ಹೆಚ್ಚಾಗಿ ಸಾಯುವುದು ಅಲ್ಲೇ. ಎಲೆಗೆ ನೀರು ಸಿಗುತ್ತಿಲ್ಲ ಎಂಬುದೇನೋ ನಿಜ. ಆದರೆ ಕುಂಡ ಒಣಗಿ ಬಾಯಾರಿದ ಗಿಡದ ಎಲೆಯೂ ಹೀಗೇ ಸುಕ್ಕಾಗುತ್ತದೆ, ಬೇರು ಕೊಳೆತು ನೀರು ಕುಡಿಯಲಾಗದ ಗಿಡದ ಎಲೆಯೂ ಹೀಗೇ ಸುಕ್ಕಾಗುತ್ತದೆ. ಒಂದಕ್ಕೆ ನೀರೇ ಮದ್ದು, ಇನ್ನೊಂದಕ್ಕೆ ಅದೇ ನೀರು ವಿಷ. ಎಲೆಯನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಇವೆರಡರಲ್ಲಿ ಯಾವುದು ಎಂದು ತಿಳಿಯುವುದಿಲ್ಲ.

ನನ್ನ ಬಿಳಿ ಹೂವಿನ ಫಲೆನಾಪ್ಸಿಸ್ ಎಂಬ ಆರ್ಕಿಡ್ ಒಂದು ಹೀಗೇ ಸೊರಗಿತ್ತು. ಮಣ್ಣಿನ ಬದಲು ಕುಂಡಕ್ಕೆ ತುಂಬಿದ್ದ ಮರದ ತೊಗಟೆ ಚೂರುಗಳಲ್ಲಿ ಮೇಲಿನವನ್ನು ಬೆರಳಲ್ಲಿ ಕೆದಕಿ ನೋಡಿದರೆ ಪೂರಾ ಒಣಗಿದ್ದವು. ಅದನ್ನು ನಂಬಿ ಮೂರು ವಾರ, ಎರಡು ದಿನಕ್ಕೊಮ್ಮೆ ನೀರು ಹಾಕಿದೆ. ಎಲೆ ಇನ್ನಷ್ಟು ಜೋತಿತು. ಕೊನೆಗೆ ಗಿಡವನ್ನು ಕುಂಡದಿಂದ ಎತ್ತಿದಾಗ ಕಾರಣ ಸಿಕ್ಕಿತು. ಬುಡದ ಕೆಳಗೆ, ಬೇರುಗಳ ನಡುವೆ, ನಿಂಬೆಹಣ್ಣಿನ ಗಾತ್ರದ ಪಾಚಿಯ ಉಂಡೆ. ಹಿಂಡಿದರೆ ಬೆರಳ ಸಂದಿಯಿಂದ ಕಂದು ನೀರು ಇಳಿಯಿತು, ಜೊತೆಗೆ ನಿಂತ ಕೆಸರಿನ ವಾಸನೆ. ಉಂಡೆಗೆ ತಾಗಿದ್ದ ಬೇರೊಂದನ್ನು ಮೆಲ್ಲಗೆ ಎಳೆದೆ. ಹೊರಗವಸು ಕಾಲುಚೀಲದಂತೆ ಜಾರಿ ಕೈಗೆ ಬಂತು, ಒಳಗಿನ ನಾರೆಳೆಯೊಂದೇ ಗಿಡದಲ್ಲಿ ಉಳಿಯಿತು. ನಾನು ಮುಟ್ಟಿ ನೋಡಿದ್ದು ಮೇಲಿನ ಎರಡು ಅಂಗುಲ ಮಾತ್ರ. ಗಿಡ ಕುಡಿಯುತ್ತಿದ್ದದ್ದು, ಅಥವಾ ಕುಡಿಯಲಾಗದೆ ಒದ್ದಾಡುತ್ತಿದ್ದದ್ದು, ಅದರ ಕೆಳಗೆ.

ಅಂದಿನಿಂದ ಯಾವ ಆರ್ಕಿಡ್‌ಗೆ ಏನೇ ಆಗಿರಲಿ, ತಪಾಸಣೆ ಶುರುವಾಗುವುದು ಬೇರಿನಿಂದ. ಈ ಬರಹವೂ ಅದೇ ದಾರಿಯಲ್ಲಿ ಹೋಗುತ್ತದೆ.

ಬೇರು ಏನು ಹೇಳುತ್ತದೆ

ಫಲೆನಾಪ್ಸಿಸ್, ಡೆಂಡ್ರೋಬಿಯಂ, ಕ್ಯಾಟ್ಲಿಯಾ, ಆನ್ಸಿಡಿಯಂ, ವಾಂಡಾ, ಹೀಗೆ ಮನೆಗಳಲ್ಲಿ ಹೆಚ್ಚಾಗಿ ಕಾಣುವ ಆರ್ಕಿಡ್‌ಗಳು ಮೂಲದಲ್ಲಿ ಮರದ ಕೊಂಬೆ ಹಿಡಿದು ಬದುಕುವಂಥವು. ಬಂದಣಿಕೆಯ ಹಾಗೆ ಮರದ ರಸ ಹೀರುವುದಿಲ್ಲ, ನಿಲ್ಲಲು ಜಾಗ ಮಾತ್ರ ಪಡೆಯುತ್ತವೆ. ಅವುಗಳ ಬೇರು ಮಳೆಗೆ ನೆನೆಯುತ್ತದೆ, ಗಾಳಿಗೆ ಒಣಗುತ್ತದೆ, ಮತ್ತೆ ನೆನೆಯುತ್ತದೆ. ಮಣ್ಣೊಳಗೆ ಇಳಿಯುವ ಬೇರಿಗಿಂತ ಇದರ ರಚನೆಯೇ ಬೇರೆ. ನಡುವೆ ಗಟ್ಟಿ ನಾರು, ಅದರ ಸುತ್ತ ಹಸಿರು ಪದರ, ಎಲ್ಲಕ್ಕಿಂತ ಹೊರಗೆ ವೆಲಾಮೆನ್ ಎಂಬ ಸ್ಪಂಜಿನಂಥ ಹೊದಿಕೆ. ಈ ಹೊದಿಕೆಯ ಕೋಶಗಳು ಬಲಿತ ಮೇಲೆ ಸತ್ತು ಟೊಳ್ಳಾಗಿರುತ್ತವೆ. ಟೊಳ್ಳಿನಲ್ಲಿ ಗಾಳಿ ತುಂಬಿದಾಗ ಬೇರು ಬೆಳ್ಳಿಬಿಳಿ, ನೀರು ತುಂಬಿದಾಗ ಹೊದಿಕೆ ಪಾರದರ್ಶಕವಾಗಿ ಒಳಗಿನ ಹಸಿರು ಕಾಣುತ್ತದೆ. ಆದ್ದರಿಂದ ಬಿಳಿ ಬೇರು ಎಂದರೆ ಕಾಯಿಲೆ ಬಿದ್ದ ಬೇರು ಎಂದು ಭಾವಿಸಬೇಡಿ. ಅದು ನೀರಿಗೆ ಸಿದ್ಧವಾಗಿರುವ ಬೇರು.

ಬಣ್ಣಕ್ಕಿಂತ ಬೆರಳನ್ನು ನಂಬಿ. ತೊಗಟೆಯ ಕಲೆ ಹತ್ತಿ ಕಂದಾದ ಬೇರು ಒಳಗೆ ಪೂರ್ತಿ ಆರೋಗ್ಯವಾಗಿರಬಹುದು. ಹೆಬ್ಬೆರಳು ತೋರುಬೆರಳ ನಡುವೆ ಮೆಲ್ಲಗೆ ಒತ್ತಿ. ಗಟ್ಟಿಯಾಗಿ ಎದುರೊತ್ತಿದರೆ ಜೀವಂತ. ಪಿಚಕ್ಕೆಂದು ಕುಸಿದು ನೀರು ಬಂದರೆ, ಹೊದಿಕೆ ಜಾರಿದರೆ, ಅದು ಉಸಿರುಗಟ್ಟಿ ಕೊಳೆತದ್ದು. ಒಣಹುಲ್ಲಿನ ಬಣ್ಣಕ್ಕೆ ತಿರುಗಿ, ಕಾಗದದ ಕೊಳವೆಯಂತೆ ಚಪ್ಪಟೆಯಾಗಿ, ಒಳಗೆ ಟೊಳ್ಳಾಗಿದ್ದರೆ ಅದು ನೀರಿಲ್ಲದೆ ಒಣಗಿ ಸತ್ತದ್ದು. ಎರಡೂ ಸತ್ತ ಬೇರುಗಳೇ, ಆದರೆ ತೋರುವ ಕಾರಣ ತದ್ವಿರುದ್ಧ.

ಬೇರು ಕೊಳೆಯುವುದನ್ನು ‘ನೀರು ಜಾಸ್ತಿಯಾಯಿತು’ ಎನ್ನುವುದು ರೂಢಿ. ನನಗೆ ಈ ಮಾತು ಅರ್ಧ ಸರಿ ಅನ್ನಿಸುತ್ತದೆ. ವಾಂಡಾವನ್ನು ಗಾಳಿಯಲ್ಲಿ ತೂಗುಹಾಕಿ ದಿನವೂ ಬೇರಿಗೆ ನೀರು ಹೊಡೆಯುತ್ತಾರೆ, ಅದು ಕೊಳೆಯುವುದಿಲ್ಲ. ಕೊಳೆಸುವುದು ಗಾಳಿಯ ಕೊರತೆ. ಚೂರುಗಳ ನಡುವಿನ ಸಂದಿಯಲ್ಲಿ ಗಾಳಿ ಇರಬೇಕಾದ ಕಡೆ ನೀರು ಕುಳಿತುಬಿಟ್ಟರೆ ಬೇರಿಗೆ ಆಮ್ಲಜನಕ ಸಿಗದೆ ಅದು ಸಾಯುತ್ತದೆ, ಸತ್ತದ್ದನ್ನು ಶಿಲೀಂಧ್ರ, ಬ್ಯಾಕ್ಟೀರಿಯಾ ತಿನ್ನುತ್ತವೆ. ಹಾಗಾಗಿ ನೀರು ಕಡಿಮೆ ಮಾಡಿದರಷ್ಟೇ ಸಾಲದು, ಕುಂಡದೊಳಗಿನ, ಗಾಳಿ ಆಡದಂತಾದ ಆ ತೊಗಟೆ ಮಿಶ್ರಣವನ್ನೇ ಬದಲಿಸಬೇಕು.

ಒಣಗಿದೆಯೋ ಒದ್ದೆಯೋ, ಖಾತ್ರಿ ಮಾಡಿಕೊಳ್ಳಿ

ಗಿಡ ಕೀಳುವ ಮೊದಲು ಮೂರು ಪರೀಕ್ಷೆ ಮಾಡಬಹುದು. ಅಲಂಕಾರದ ಹೊರಕುಂಡವಿದ್ದರೆ ಒಳಕುಂಡವನ್ನು ಎತ್ತಿ ತಳ ನೋಡಿ. ಅಲ್ಲಿ ನೀರು ನಿಂತಿದ್ದರೆ ಅರ್ಧ ಉತ್ತರ ಸಿಕ್ಕಿಯೇಬಿಟ್ಟಿತು. ಎರಡನೆಯದು, ಮೊನೆಯಿರುವ ತೆಳು ಬಿದಿರುಕಡ್ಡಿಯನ್ನು ಬೇರಿಗೆ ನೋವಾಗದಂತೆ ಕುಂಡದ ನಡುಭಾಗಕ್ಕೆ ಇಳಿಸಿ, ಹದಿನೈದು ನಿಮಿಷ ಬಿಟ್ಟು ತೆಗೆದು ತುಟಿಗೆ ತಾಗಿಸಿ. ಬೆರಳಿಗೆ ತಿಳಿಯದ ತೇವ ತುಟಿಗೆ ತಣ್ಣಗೆ ತಿಳಿಯುತ್ತದೆ. ಮೂರನೆಯದು ತೂಕ. ನೀರು ಹಾಕಿ ಬಸಿದ ದಿನ ಒಮ್ಮೆ ಕುಂಡ ಎತ್ತಿ ನೋಡಿ, ಆಮೇಲೆ ದಿನವೂ ಎತ್ತಿ. ಒಂದೆರಡು ವಾರದಲ್ಲಿ ಕೈ ಕಲಿತುಬಿಡುತ್ತದೆ. ವಾರಕ್ಕಿಷ್ಟು ಬಾರಿ ನೀರು ಎಂಬ ಲೆಕ್ಕವನ್ನು ನಾನು ಯಾರಿಗೂ ಹೇಳುವುದಿಲ್ಲ, ಏಕೆಂದರೆ ಕುಂಡ, ಗಾಳಿ, ಬಿಸಿಲು, ಋತು ಎಲ್ಲವೂ ಸೇರಿ ಆ ಲೆಕ್ಕವನ್ನು ಬದಲಿಸುತ್ತಲೇ ಇರುತ್ತವೆ.

ಕುಂಡ ಹಗುರ, ಕಡ್ಡಿ ಒಣ, ಬೇರು ಬಿಳಿಯಾಗಿ ಗಟ್ಟಿ ಇದ್ದರೆ ಗಿಡಕ್ಕೆ ಬರೀ ಬಾಯಾರಿಕೆ. ಮೇಲಿಂದ ಒಂದು ಲೋಟ ಸುರಿದರೆ ಒಣಗಿದ ತೊಗಟೆ ಆ ನೀರನ್ನು ಹಿಡಿಯದೆ ಕೆಳಗೆ ಬಿಟ್ಟುಬಿಡುತ್ತದೆ. ಕುಂಡವನ್ನು ಬಕೆಟ್ಟಿನಲ್ಲಿಟ್ಟು, ಅಂಚಿಗಿಂತ ಸ್ವಲ್ಪ ಕೆಳಗಿನವರೆಗೆ ನೀರು ತುಂಬಿಸಿ, ಇಪ್ಪತ್ತು ನಿಮಿಷ ನೆನೆಯಲು ಬಿಡಿ. ಪೂರ್ತಿ ಬಸಿದ ಮೇಲೆ ಜಾಗಕ್ಕೆ ಇಡಿ. ಹೀಗೆ ಎರಡು ಮೂರು ಬಾರಿ ನೆನೆಸುವಷ್ಟರಲ್ಲಿ ಎಲೆಗೆ ಬಿಗುವು ಮರಳತೊಡಗುತ್ತದೆ. ತುಂಬಾ ದಿನ ಸುಕ್ಕಾಗಿದ್ದ ಹಳೆಯ ಎಲೆ ಮೊದಲಿನಂತಾಗದೇ ಹೋಗಬಹುದು, ಅದಕ್ಕೆ ಕಂಗಾಲಾಗಿ ಮತ್ತೆ ನೀರು ಹೆಚ್ಚಿಸಬೇಡಿ.

ಆನ್ಸಿಡಿಯಂ, ಮಿಲ್ಟೋನಿಯಾಪ್ಸಿಸ್ ಜಾತಿಯಲ್ಲಿ ಹೊಸ ಎಲೆ ಬೀಸಣಿಗೆಯ ಮಡಿಕೆಯಂತೆ ಅಡ್ಡಡ್ಡ ಸುಕ್ಕುಗಟ್ಟಿ ಬಂದರೆ ಅದೂ ಎಲೆ ಬೆಳೆಯುವ ಹೊತ್ತಿನಲ್ಲಿ ನೀರು ಅಥವಾ ಗಾಳಿಯ ತೇವ ಕಡಿಮೆಯಾದ ಗುರುತು. ಆ ಮಡಿಕೆ ಬಿಚ್ಚುವುದಿಲ್ಲ, ಮುಂದಿನ ಎಲೆ ಸಪಾಟಾಗಿ ಬಂದರೆ ಸರಿಹೋಯಿತು ಎಂದರ್ಥ. ಗಡ್ಡೆಯಿರುವ, ಅಂದರೆ ನೀರು ಕೂಡಿಡುವ ಉಬ್ಬಿದ ಕಾಂಡವಿರುವ ಆರ್ಕಿಡ್‌ಗಳಲ್ಲಿ ಹಿಂದಿನ ಹಳೆಯ ಗಡ್ಡೆ ಸುರುಟುವುದು ಸಹಜ. ಎಲ್ಲಕ್ಕಿಂತ ಹೊಸ ಗಡ್ಡೆಯೇ ಸುರುಟಿದ್ದರೆ ಬೇರು ನೋಡಲೇಬೇಕು.

ಕುಂಡ ಭಾರ, ಕಡ್ಡಿ ಒದ್ದೆ, ಎಲೆ ಮಾತ್ರ ಸೊರಗಿದೆ ಎಂದಾದರೆ ಹೂವಿದ್ದರೂ ಸರಿ, ಮೊಗ್ಗಿದ್ದರೂ ಸರಿ, ಗಿಡವನ್ನು ಇಂದೇ ಹೊರತೆಗೆಯಿರಿ.

ಕುಂಡ ಬದಲಿಸುವುದು

ತುರ್ತು ಇಲ್ಲದಾಗ ಕುಂಡ ಬದಲಿಸಲು ಒಳ್ಳೆಯ ಹೊತ್ತು ಹೂ ಮುಗಿದ ಮೇಲೆ, ಬುಡದಲ್ಲಿ ಹೊಸ ಬೇರಿನ ಹಸಿರು ಅಥವಾ ಕೆಂಪು ತುದಿ ಇಣುಕುವಾಗ. ಕ್ಯಾಟ್ಲಿಯಾ, ಡೆಂಡ್ರೋಬಿಯಂನಂಥ ಅಡ್ಡಕ್ಕೆ ಹರಿಯುವ ಜಾತಿಗಳಲ್ಲಿ ಹೊಸ ಚಿಗುರಿನ ಬೇರು ಒಂದೆರಡು ಸೆಂಟಿಮೀಟರ್ ಬಂದಾಗ. ಆ ಹೊತ್ತು ತಪ್ಪಿಸಿ ಬೇರು ಉದ್ದವಾದ ಮೇಲೆ ಕೈ ಹಾಕಿದರೆ ಆ ಎಳೆ ಬೇರುಗಳೇ ಮುರಿಯುತ್ತವೆ.

ತೊಗಟೆಯ ಮಿಶ್ರಣ ಸಾಮಾನ್ಯವಾಗಿ 18ರಿಂದ 24 ತಿಂಗಳು ಬಾಳುತ್ತದೆ. ಕ್ಯಾಲೆಂಡರಿಗಿಂತ ಚೂರನ್ನೇ ಕೇಳಿ. ಬೆರಳಲ್ಲಿ ಹಿಸುಕಿದರೆ ಪುಡಿಯಾಗುತ್ತಿದೆಯೇ, ಕೆಸರಿನ ವಾಸನೆ ಇದೆಯೇ, ಕುಂಡ ಅಲುಗಿಸಿದರೆ ಸಣ್ಣ ಕಪ್ಪು ನೊಣಗಳು ಏಳುತ್ತವೆಯೇ? ಆ ನೊಣಗಳ ಮರಿಹುಳುಗಳಿಗೆ ಆಹಾರ ಕೊಳೆಯುತ್ತಿರುವ ಮಿಶ್ರಣ ಮತ್ತು ಅದರ ಶಿಲೀಂಧ್ರ. ನೊಣಕ್ಕೆ ಔಷಧಿ ಹುಡುಕುವುದಕ್ಕಿಂತ ಮಿಶ್ರಣ ಬದಲಿಸುವುದು ಮೇಲು.

ಫಲೆನಾಪ್ಸಿಸ್‌ಗೆ 10ರಿಂದ 15 ಮಿಲಿಮೀಟರಿನ ತೊಗಟೆ ಚೂರು, ಜೊತೆಗೆ ಒಂದಿಷ್ಟು ಇದ್ದಿಲು ಸಾಕು. ಒಣ ತೊಗಟೆ ನೀರನ್ನು ತಳ್ಳುತ್ತದೆ, ಹಿಂದಿನ ರಾತ್ರಿಯೇ ನೆನೆಹಾಕಿ. ತೆಂಗಿನ ಸಿಪ್ಪೆಯ ಚೂರು ಬಳಸುವುದಾದರೆ ಅದರಲ್ಲಿ ಉಪ್ಪಿನಂಶ ಇರುತ್ತದೆ, ಎರಡು ಮೂರು ಸಲ ನೀರು ಬದಲಿಸಿ ನೆನೆಸಿ ತೊಳೆಯಿರಿ. ತೆಂಗಿನ ನಾರಿನ ಪುಡಿ ಬೇಡ, ಅದು ಒತ್ತಾಗಿ ಕುಳಿತು ಗಾಳಿಯ ಸಂದಿಯನ್ನೇ ಮುಚ್ಚುತ್ತದೆ. ತೋಟದ ಮಣ್ಣು ಖಂಡಿತ ಬೇಡ. ನೀರು ಹಿಡಿದಿಡುವ ಸ್ಫ್ಯಾಗ್ನಮ್ ಎಂಬ ಪಾಚಿಯಲ್ಲೂ ಚೆನ್ನಾಗಿ ಬೆಳೆಸಬಹುದು, ಆದರೆ ಹಗುರವಾಗಿ ತುಂಬಬೇಕು, ಒತ್ತಿ ತುರುಕಿದರೆ ನನ್ನ ಗಿಡಕ್ಕಾದದ್ದೇ ಆಗುತ್ತದೆ.

ಕುಂಡದ ಗಾತ್ರದಲ್ಲಿ ಉದಾರಿಗಳಾಗಬೇಡಿ. ಕೊಳೆತ ಬೇರು ಕತ್ತರಿಸಿದ ಮೇಲೆ ಉಳಿದದ್ದು ಹಿಡಿಸುವಷ್ಟು, ಸುತ್ತ ಎರಡು ಸೆಂಟಿಮೀಟರ್ ಜಾಗ. ಹಲವರ ಗಿಡ ಹೊಸ ಕುಂಡದಲ್ಲಿ ಸಾಯುವುದು ಹಳೆಯದಕ್ಕಿಂತ ದೊಡ್ಡ ಕುಂಡ ಕೊಟ್ಟದ್ದರಿಂದ. ಬೇರು ತಲುಪದ ಕಡೆಯ ನೀರನ್ನು ಕುಡಿಯುವವರಿಲ್ಲದೆ ನಡುಭಾಗ ವಾರಗಟ್ಟಲೆ ಒದ್ದೆಯಾಗಿರುತ್ತದೆ. ನನ್ನ ಆಯ್ಕೆ ಪಾರದರ್ಶಕ ಪ್ಲಾಸ್ಟಿಕ್ ಕುಂಡ, ಅದೂ ಪಕ್ಕದಲ್ಲಿ ತೂತುಗಳಿರುವಂಥದ್ದು. ಗೋಡೆಯ ಒಳಗೆ ನೀರಹನಿ ಕಟ್ಟಿದೆಯೇ, ಬೇರು ಹಸಿರೋ ಬಿಳಿಯೋ ಎಂದು ಕೀಳದೆಯೇ ನೋಡಬಹುದು. ಮಣ್ಣಿನ ಕುಂಡ ಬೇಗ ಒಣಗುತ್ತದೆ, ನೀರು ಜಾಸ್ತಿ ಹಾಕುವ ಅಭ್ಯಾಸ ಬಿಡಲಾಗದವರಿಗೆ ಅದು ಒಳ್ಳೆಯದು.

ಕೆಲಸಕ್ಕೆ ಕೂರುವಾಗ ಮೊದಲು ಗಿಡವನ್ನು ಕುಂಡ ಸಮೇತ ಹದಿನೈದು ನಿಮಿಷ ನೀರಲ್ಲಿಡಿ. ನೆನೆದ ಬೇರು ಬಾಗುತ್ತದೆ, ಒಣಬೇರು ಲಟಕ್ಕೆಂದು ಮುರಿಯುತ್ತದೆ. ಪ್ಲಾಸ್ಟಿಕ್ ಕುಂಡವನ್ನು ಸುತ್ತಲೂ ಹಿಸುಕಿ ಸಡಿಲಿಸಿ, ಬೇರು ಗೋಡೆಗೆ ಅಂಟಿದ್ದರೆ ಎಳೆಯದೆ ಕುಂಡವನ್ನೇ ಕತ್ತರಿಸಿ. ಹಳೆಯ ಮಿಶ್ರಣವನ್ನೆಲ್ಲ ಬಿಡಿಸಿ, ಬುಡದ ನಡುವಿನ ಪಾಚಿಯುಂಡೆಯನ್ನೂ, ಕೆಲವೊಮ್ಮೆ ಅದರ ಸುತ್ತ ಇರುವ ಸಣ್ಣ ಪ್ಲಾಸ್ಟಿಕ್ ಬುಟ್ಟಿಯನ್ನೂ ಬಿಡದೆ ತೆಗೆಯಿರಿ. ಸಸಿ ಚಿಕ್ಕದಿರುವಾಗ ಬೆಳೆಸಿದ ಉಂಡೆ ಅದು, ಗಿಡ ದೊಡ್ಡದಾದ ಮೇಲೂ ಒಳಗೇ ಉಳಿದುಬಿಟ್ಟಿರುತ್ತದೆ. ಆಮೇಲೆ ಹರಿಯುವ ನೀರಲ್ಲಿ ಬೇರು ತೊಳೆಯಿರಿ.

ಕತ್ತರಿಸುವ ಅಲಗನ್ನು ಬೆಂಕಿಯಲ್ಲಿ ಕಾಯಿಸಿ ತಣಿಸಿ, ಪ್ರತಿ ಗಿಡಕ್ಕೂ ಮತ್ತೆ ಕಾಯಿಸಿ. ಸಿಂಬಿಡಿಯಂ ಮೊಸಾಯಿಕ್ ವೈರಸ್, ಒಡಾಂಟೊಗ್ಲಾಸಮ್ ರಿಂಗ್‌ಸ್ಪಾಟ್ ವೈರಸ್ ಎರಡೂ ಗಿಡದಿಂದ ಗಿಡಕ್ಕೆ ಹೋಗುವುದು ಮುಖ್ಯವಾಗಿ ಅಲಗಿಗೆ ಹತ್ತಿದ ರಸದ ಮೂಲಕ, ಮತ್ತು ಒಮ್ಮೆ ಬಂದರೆ ಮದ್ದಿಲ್ಲ. ಹತ್ತು ಗಿಡವಿರುವ ಮನೆಯಲ್ಲಿ ಒಂದೇ ಕತ್ತರಿ ತೊಳೆಯದೆ ಓಡಾಡುವುದನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಮೆತ್ತಗಾದದ್ದನ್ನು, ಟೊಳ್ಳಾದದ್ದನ್ನು ಗಟ್ಟಿ ಭಾಗ ಸಿಗುವವರೆಗೆ ಕತ್ತರಿಸಿ. ತುದಿ ಕೊಳೆತು ಬುಡ ಗಟ್ಟಿಯಿದ್ದರೆ ಬುಡವನ್ನು ಉಳಿಸಿ, ಅದರಿಂದ ಕವಲು ಬೇರು ಬರಬಹುದು. ಗಾಯಕ್ಕೆ ಚಕ್ಕೆ ಪುಡಿ ಉದುರಿಸುವ ಪದ್ಧತಿಯಿದೆ. ಎಲೆಯ ಗಾಯಕ್ಕೆ ಸರಿ. ಜೀವಂತ ಬೇರಿನ ಮೇಲೆಲ್ಲ ಬಳಿದರೆ ಅದು ಬೇರನ್ನೇ ಒಣಗಿಸುತ್ತದೆ, ಅಲ್ಲಿ ಬೇಡ. ಕತ್ತರಿಸಿದ ಗಿಡವನ್ನು ನೆರಳಲ್ಲಿ ಒಂದು ರಾತ್ರಿ ಹಾಗೇ ಬಿಡಿ, ಗಾಯ ಒಣಗಲಿ.

ನೆಡುವಾಗ ಫಲೆನಾಪ್ಸಿಸ್‌ನ ಕೆಳಗಿನ ಎಲೆಯ ಬುಡ ಮಿಶ್ರಣದ ಮಟ್ಟಕ್ಕಿಂತ ತುಸು ಮೇಲಿರಲಿ. ಹೂಳಿದರೆ ಬುಡವೇ ಕೊಳೆಯುತ್ತದೆ. ಅಡ್ಡಕ್ಕೆ ಹರಿಯುವ ಜಾತಿಯಾದರೆ ಹಳೆಯ ಗಡ್ಡೆಯ ಕಡೆಯನ್ನು ಕುಂಡದ ಅಂಚಿಗೆ ತಾಗಿಸಿ, ಹೊಸ ಚಿಗುರಿನ ಮುಂದೆ ಜಾಗ ಬಿಡಿ. ಗಾಳಿಯಲ್ಲಿ ಬೆಳೆದ ಉದ್ದ ಬೇರುಗಳನ್ನು ಬಲವಂತವಾಗಿ ಒಳಗೆ ಸುತ್ತಬೇಡಿ. ಹೊರಗೆ ಬೆಳೆದದ್ದು ಒಳಗೆ ಹೋದರೆ ಎಷ್ಟೋ ಸಲ ಕೊಳೆಯುತ್ತದೆ, ಹೊರಗಿರುವುದು ದೋಷವೂ ಅಲ್ಲ. ಚೂರುಗಳನ್ನು ಸುತ್ತಲೂ ಹಾಕಿ, ಕುಂಡದ ಪಕ್ಕ ತಟ್ಟಿ ಕೂರಿಸಿ. ಕೊನೆಗೆ ಗಿಡದ ಬುಡ ಹಿಡಿದು ಮೆಲ್ಲಗೆ ಎತ್ತಿ ನೋಡಿ: ಕುಂಡವೂ ಜೊತೆಗೆ ಏಳಬೇಕು. ಅಲುಗಾಡಿದರೆ ಕಡ್ಡಿ ಕೊಟ್ಟು ಕಟ್ಟಿ. ಹೊಸ ಬೇರಿನ ತುದಿ ಗಾಜಿನಷ್ಟು ನಾಜೂಕು, ಗಿಡ ಅಲ್ಲಾಡಿದಾಗಲೆಲ್ಲ ಚೂರಿಗೆ ಉಜ್ಜಿ ಸಾಯುತ್ತದೆ. ಈ ಕಟ್ಟುವ ಕೆಲಸವನ್ನು ಹೆಚ್ಚಿನವರು ಬಿಟ್ಟೇಬಿಡುತ್ತಾರೆ.

ಬೇರು ಕತ್ತರಿಸಿದ್ದರೆ ಮೂರರಿಂದ ಐದು ದಿನ ನೀರು ಬೇಡ, ಎಲೆಗೆ ಬೆಳಗಿನ ಹೊತ್ತು ತುಸು ತೇವ ಸಿಂಪಡಿಸಿದರೆ ಸಾಕು. ಗೊಬ್ಬರವನ್ನು ಹೊಸ ಬೇರಿನ ತುದಿ ಕಣ್ಣಿಗೆ ಕಾಣುವವರೆಗೆ ಮುಟ್ಟಬೇಡಿ. ನೆಟ್ಟ ದಿನಾಂಕವನ್ನು ಕುಂಡದ ಮೇಲೇ ಬರೆಯಿರಿ.

ಬೇರೇ ಉಳಿದಿಲ್ಲದಿದ್ದರೆ

ನನ್ನ ಗಿಡದಲ್ಲಿ ಉಳಿದದ್ದು ಬೆರಳುದ್ದದ ಎರಡು ಬೇರು. ಅಷ್ಟೂ ಇಲ್ಲದಿದ್ದರೂ ಎಸೆಯಬೇಡಿ. ಸುಳಿ ಹಸಿರಾಗಿ, ಬುಡ ಗಟ್ಟಿಯಾಗಿದ್ದರೆ ದಾರಿಯಿದೆ. ಸ್ಫ್ಯಾಗ್ನಮ್ ಪಾಚಿಯನ್ನು ನೆನೆಸಿ, ಇನ್ನು ಹನಿ ಬೀಳದು ಎನ್ನುವವರೆಗೆ ಹಿಂಡಿ, ಪಾರದರ್ಶಕ ಚೀಲ ಅಥವಾ ಡಬ್ಬಿಯ ತಳಕ್ಕೆ ಹರಡಿ. ಗಿಡದ ಬುಡ ಪಾಚಿಗೆ ತಾಗಿಯೂ ತಾಗದಂತೆ ಕೂರಿಸಿ ಬಾಯಿ ಮುಚ್ಚಿ. ನೇರ ಬಿಸಿಲು ಬಿದ್ದರೆ ಚೀಲದೊಳಗೆ ಬೆಂದುಹೋಗುತ್ತದೆ, ಬೆಳಕಿರುವ ನೆರಳಲ್ಲಿಡಿ. ಮೂರ್ನಾಲ್ಕು ದಿನಕ್ಕೊಮ್ಮೆ ಬಾಯಿ ತೆರೆದು ಗಾಳಿ ಬಿಡಿ, ಬೂಷ್ಟು ಕಂಡರೆ ಪಾಚಿ ಬದಲಿಸಿ. ಚೀಲದ ಗಾಳಿ ತೇವವಾಗಿರುವುದರಿಂದ ಎಲೆಯಿಂದ ನೀರು ಆರಿಹೋಗುವುದು ಬಹಳ ಕಡಿಮೆಯಾಗುತ್ತದೆ, ಗಿಡ ಇದ್ದಬದ್ದ ಶಕ್ತಿಯನ್ನು ಬೇರಿಗೆ ಹಾಕುತ್ತದೆ. ಎರಡು ಮೂರು ತಿಂಗಳು ಬೇಕು.

ನನ್ನದು ಎಂಟನೇ ವಾರಕ್ಕೆ ಬುಡದಲ್ಲಿ ಅಕ್ಕಿಕಾಳಿನಷ್ಟು ಹಸಿರು ತುದಿ ತೋರಿಸಿತು. ಅಷ್ಟರಲ್ಲಿ ಕೆಳಗಿನ ಎರಡು ಎಲೆ ಹಳದಿಯಾಗಿ ಉದುರಿದ್ದವು. ಗಿಡ ಅವುಗಳ ನೀರು, ಸಾರವನ್ನು ಹಿಂದಕ್ಕೆಳೆದು ಬಳಸಿಕೊಂಡಿತ್ತು. ಹಾಗಾಗಿ ಚಿಕಿತ್ಸೆಯಲ್ಲಿರುವ ಗಿಡದ ಸುಕ್ಕು ಎಲೆಯನ್ನು ಅಂದಕ್ಕಾಗಿ ಕತ್ತರಿಸುವುದು ತಪ್ಪು.

ಕುಂಡ ಬದಲಿಸಿದ ಮೇಲೂ ಸೊರಗುತ್ತಿದ್ದರೆ

ಮೊದಲ ಎರಡು ಮೂರು ವಾರ ತುಸು ಸೊರಗುವುದು ಸಹಜ, ಬೇರಿಗೂ ಹೊಸ ಚೂರಿಗೂ ಇನ್ನೂ ಹಿಡಿತ ಬಂದಿರುವುದಿಲ್ಲ. ಆದರೆ ಬೇರು ಸಾಕಷ್ಟಿದ್ದೂ ಸೊರಗುತ್ತಲೇ ಇದ್ದರೆ ಹೊಸ ತೊಗಟೆಯ ಮೇಲೆ ಗುಮಾನಿಪಡಿ. ಹಳೆಯ ಕೊಳೆತ ತೊಗಟೆ ಹತ್ತು ದಿನ ಹಿಡಿಯುತ್ತಿದ್ದ ನೀರನ್ನು ಹೊಸದು ಮೂರೇ ದಿನದಲ್ಲಿ ಬಿಟ್ಟುಕೊಡುತ್ತದೆ. ಹಳೆಯ ಅಂತರದಲ್ಲೇ ನೀರು ಹಾಕುತ್ತಿದ್ದರೆ ಗಿಡ ಈಗ ನಿಜವಾಗಿ ಬಾಯಾರಿದೆ. ಬಿದಿರುಕಡ್ಡಿಯನ್ನು ಮತ್ತೆ ಹಿಡಿಯಿರಿ.

ಬೇರಿನ ತುದಿ ಕಪ್ಪಾಗಿ ಮೊಟಕಾಗುತ್ತಿದ್ದು, ಚೂರಿನ ಮೇಲೆ ಅಥವಾ ಕುಂಡದ ಅಂಚಲ್ಲಿ ಬಿಳಿ ಪೊರೆ ಕಟ್ಟಿದ್ದರೆ ಅದು ಗೊಬ್ಬರದ, ಇಲ್ಲವೇ ಗಡಸು ನೀರಿನ ಲವಣ. ತಿಂಗಳಿಗೊಮ್ಮೆ ಕುಂಡದ ಮೂಲಕ ಧಾರಾಳವಾಗಿ ಬರಿನೀರು ಹರಿಸಿ ತೊಳೆಯಿರಿ. ಮಳೆನೀರು ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಗೊಬ್ಬರ ಪೊಟ್ಟಣದಲ್ಲಿ ಬರೆದಿರುವುದರ ಕಾಲು ಭಾಗ ಸಾಕು, ಅದೂ ಒದ್ದೆ ಬೇರಿಗೆ.

ಬೇರು ಸರಿಯಿದೆ, ಎಲೆ ಕೆಟ್ಟಿದೆ

ಎಲ್ಲಕ್ಕಿಂತ ಕೆಳಗಿನ ಒಂದೇ ಎಲೆ ನಿಧಾನವಾಗಿ ಹಳದಿಯಾಗುತ್ತಿದ್ದರೆ ಅದು ಮುಪ್ಪು, ಬಿಟ್ಟುಬಿಡಿ. ನೊಬೈಲ್ ಎಂಬ ಬಗೆಯ ಡೆಂಡ್ರೋಬಿಯಂ ಹಳೆಯ ಕಾಂಡದ ಎಲೆಯನ್ನೆಲ್ಲ ಉದುರಿಸಿ ನಿಂತರೂ ಸತ್ತಿಲ್ಲ, ಹೂ ಬರುವುದೇ ಆ ಬೋಳು ಕಾಂಡದಲ್ಲಿ. ಎರಡು ಮೂರು ಎಲೆ ಒಟ್ಟಿಗೆ ಹಳದಿಯಾದರೆ ಮತ್ತೆ ಬೇರಿಗೆ ಹೋಗಿ.

ಕಲೆಗಳಲ್ಲಿ ಮುಖ್ಯ ಪ್ರಶ್ನೆ ಒಂದೇ: ಹರಡುತ್ತಿದೆಯೇ? ಪೆನ್ನಿನಿಂದ ಕಲೆಯ ಅಂಚಿಗೆ ಗೆರೆ ಎಳೆದು ನಾಳೆ ನೋಡಿ. ಬಿಸಿಲು ಸುಟ್ಟ ಕಲೆ ಎಲೆಯ ಬಾಗಿದ ಮೇಲ್ಮೈಯಲ್ಲಿ, ಬಿಸಿಲು ನೇರ ಬೀಳುವಲ್ಲೇ ಬರುತ್ತದೆ. ಮೊದಲು ಬೆಳ್ಳಗೆ, ಆಮೇಲೆ ಒಣ ಕಂದು. ಗೆರೆ ದಾಟುವುದಿಲ್ಲ. ಗಿಡವನ್ನು ಸರಿಸಿದರೆ ಮುಗಿಯಿತು. ನೀರು ತುಂಬಿದ ಬೊಬ್ಬೆಯಂತೆ ಕಂಡು, ಒಂದೇ ದಿನದಲ್ಲಿ ಗೆರೆ ದಾಟಿ, ಕೆಟ್ಟ ವಾಸನೆ ಬಂದರೆ ಬ್ಯಾಕ್ಟೀರಿಯಾ ಕೊಳೆ. ಇಲ್ಲಿ ಕಾಯಬಾರದು. ಕಾಯಿಸಿದ ಅಲಗಿನಿಂದ ಕಲೆಯಿಂದ ಎರಡು ಸೆಂಟಿಮೀಟರ್ ಆಚೆಗೆ, ಹಸಿರು ಭಾಗದಲ್ಲೇ ಕತ್ತರಿಸಿ, ಗಿಡವನ್ನು ಬೇರೆ ಇಡಿ, ಎಲೆಗೆ ನೀರು ತಾಗಿಸಬೇಡಿ.

ಸುಳಿಯ ಎಲೆ ಹಳದಿಯಾಗಿ, ಮೆಲ್ಲಗೆ ಎಳೆದರೆ ಕಳಚಿ ಬಂದು, ಬುಡ ಕಪ್ಪಾಗಿದ್ದರೆ ಸುಳಿಕೊಳೆ. ಫಲೆನಾಪ್ಸಿಸ್‌ಗೆ ಬೆಳೆಯುವ ಬಿಂದು ಒಂದೇ, ಅದು ಹೋದರೆ ಮೇಲಕ್ಕೆ ಹೊಸ ಎಲೆ ಬರುವುದಿಲ್ಲ. ಕಾರಣ ಬಹುಪಾಲು ಸುಳಿಯಲ್ಲಿ ನಿಂತ ನೀರು. ಮರದಲ್ಲಿ ಈ ಗಿಡ ವಾಲಿಕೊಂಡಿರುತ್ತದೆ, ನೀರು ತಾನಾಗಿ ಜಾರುತ್ತದೆ. ಕುಂಡದಲ್ಲಿ ನೆಟ್ಟಗೆ ನಿಲ್ಲಿಸಿದಾಗ ಸುಳಿ ಬಟ್ಟಲಾಗುತ್ತದೆ. ಬೆಳಿಗ್ಗೆ ನೀರು ಹಾಕಿ, ಸುಳಿಯಲ್ಲಿ ಹನಿ ನಿಂತರೆ ಕಾಗದದ ಚೂರಿನಿಂದ ಹೀರಿಸಿ. ಕೊಳೆತ ಗಿಡದ ಸತ್ತ ಭಾಗ ತೆಗೆದು, 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ ಒಮ್ಮೆ ಹಾಕಿ ಒಣಗಿಸಿ. ಬುಡ ಗಟ್ಟಿ ಉಳಿದರೆ ಪಕ್ಕದಿಂದ ಮರಿ ಬರುವ ಸಾಧ್ಯತೆಯಿದೆ, ಬೇರು ಜೀವಂತವಿರುವವರೆಗೆ ಕಾಯಿರಿ.

ಎಲೆಯ ಸಂದಿಯಲ್ಲಿ ಬಿಳಿ ಹತ್ತಿಯಂಥದ್ದು ಹಿಟ್ಟು ತಿಗಣೆ, ಉಗುರಿಂದ ಕೆರೆದರೆ ಏಳುವ ಕಂದು ಚಿಪ್ಪು ಶಲ್ಕ ಕೀಟ. ಎರಡನ್ನೂ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒಂದೊಂದಾಗಿ ಒರೆಸಿ, ವಾರಕ್ಕೊಮ್ಮೆಯಂತೆ ನಾಲ್ಕು ವಾರ. ಒಂದೇ ಸಲಕ್ಕೆ ಹೋಗುವುದಿಲ್ಲ, ಮೊಟ್ಟೆಯೊಡೆದು ಮತ್ತೆ ಬರುತ್ತವೆ. ಎಲೆಯ ಅಡಿ ಬೆಳ್ಳಿಯಂತೆ ಹೊಳೆದು ಸಣ್ಣ ಚುಕ್ಕೆ ತುಂಬಿದ್ದರೆ ನುಸಿ, ಒಣಗಾಳಿಯಲ್ಲಿ ಹೆಚ್ಚು. ಬಿಳಿ ಕಾಗದ ಹಿಡಿದು ಎಲೆ ತಟ್ಟಿ, ಬಿದ್ದ ಚುಕ್ಕೆ ನಡೆದರೆ ಖಾತ್ರಿ. ಹೂದಂಡಿನ ಮೇಲೆ ತಿಳಿ ಅಂಟಿನ ಹನಿ ಕಂಡ ಮಾತ್ರಕ್ಕೆ ಹೆದರಬೇಡಿ, ಆರೋಗ್ಯವಂತ ಗಿಡವೂ ಮೊಗ್ಗಿನ ಬುಡದಲ್ಲಿ ಸಿಹಿರಸ ಒಸರಿಸುತ್ತದೆ. ಎಲೆಯ ಮೇಲೆಲ್ಲ ಅಂಟು ಹರಡಿ ಇರುವೆ ಸಾಲುಗಟ್ಟಿದ್ದರೆ ಮಾತ್ರ ಕೀಟ ಹುಡುಕಿ.

ಗಿಡ ಚೆನ್ನಾಗಿದೆ, ಹೂವಿಲ್ಲ

ಗಾಢ ಹಸಿರು ಎಲೆ ನೋಡಲು ಚೆಂದ, ಆದರೆ ಆರ್ಕಿಡ್‌ನಲ್ಲಿ ಅದು ಬೆಳಕು ಸಾಲದು ಎಂಬ ದೂರು. ಎಲೆ ತಿಳಿಹಸಿರಾಗಿರಬೇಕು. ಎಲೆಯಿಂದ ಒಂದಡಿ ಮೇಲೆ ಅಂಗೈ ಹಿಡಿದರೆ ಮಸುಕು ಅಂಚಿನ ನೆರಳು ಬಿದ್ದರೆ ಫಲೆನಾಪ್ಸಿಸ್‌ಗೆ ಸರಿ, ನೆರಳೇ ಬೀಳದಿದ್ದರೆ ಕಡಿಮೆ. ಅಳತೆಯಲ್ಲಿ ಹೇಳುವುದಾದರೆ 10,000ದಿಂದ 15,000 ಲಕ್ಸ್. ಕ್ಯಾಟ್ಲಿಯಾ, ಡೆಂಡ್ರೋಬಿಯಂಗೆ ಅದರ ಎರಡರಷ್ಟು ಬೇಕು, ವಾಂಡಾಗೆ ಇನ್ನೂ ಹೆಚ್ಚು.

ಬೆಳಕು ಸರಿಯಿದ್ದೂ ಫಲೆನಾಪ್ಸಿಸ್ ಹೂದಂಡು ಬಿಡದಿದ್ದರೆ ಸೆಕೆ ಕಾರಣವಿರಬಹುದು. 28 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆಯೇ ಇದ್ದರೆ ಅದು ಎಲೆ ಬಿಡುತ್ತಾ ಹೋಗುತ್ತದೆ. ದೊಡ್ಡ ಬೆಳೆಗಾರರು ಇದನ್ನೇ ಬಳಸಿ, ಗಿಡ ಬಲಿಯುವವರೆಗೆ ಬೆಚ್ಚಗಿಟ್ಟು ಆಮೇಲೆ ತಂಪು ಕೊಟ್ಟು ಹೂ ತರಿಸುತ್ತಾರೆ. ಮನೆಯಲ್ಲಿ ತಂಪು ಋತುವಿನಲ್ಲಿ ಕೆಲವು ವಾರ ಕಿಟಕಿಯ ಹತ್ತಿರ, ರಾತ್ರಿ 20 ಡಿಗ್ರಿಯ ಆಸುಪಾಸು ಸಿಗುವಲ್ಲಿ ಇಡಿ. ನೊಬೈಲ್ ಡೆಂಡ್ರೋಬಿಯಂಗೆ ಆ ಋತುವಿನಲ್ಲಿ ನೀರು ತೀರಾ ಕಡಿಮೆ, ಗೊಬ್ಬರ ಪೂರ್ತಿ ಬಂದ್. ಸಾರಜನಕ ಕೊಡುತ್ತಲೇ ಇದ್ದರೆ ಹೂ ಬರಬೇಕಾದ ಗೆಣ್ಣಲ್ಲೆಲ್ಲ ಮರಿ ಬರುತ್ತದೆ.

ಮೊಗ್ಗು ಕಟ್ಟಿ, ಬೆಳೆದು, ಅರಳುವ ಮೊದಲೇ ಹಳದಿಯಾಗಿ ಉದುರುವುದು ಎಲ್ಲಕ್ಕಿಂತ ಹೊಟ್ಟೆ ಉರಿಸುವ ದೋಷ. ಬೇರು ಸರಿಯಿದ್ದರೆ ಸುತ್ತಲಿನ ಗಾಳಿಯನ್ನು ನೋಡಿ. ಹವಾನಿಯಂತ್ರಕದ ಗಾಳಿ ನೇರ ಬೀಳುತ್ತಿದೆಯೇ? ಮೊಗ್ಗು ಬಂದ ಮೇಲೆ ಜಾಗ ಬದಲಿಸಿದಿರಾ? ಪಕ್ಕದಲ್ಲಿ ಹಣ್ಣಿನ ಬುಟ್ಟಿ ಇದೆಯೇ? ಮಾಗುವ ಹಣ್ಣು ಬಿಡುವ ಎಥಿಲೀನ್ ಅನಿಲ ಅತಿ ಸ್ವಲ್ಪವಿದ್ದರೂ ಮೊಗ್ಗನ್ನು ಉದುರಿಸುತ್ತದೆ. ಮೊಗ್ಗು ಕಂಡ ದಿನ ಕುಂಡದ ಯಾವ ಮೈ ಕಿಟಕಿಗೆ ಎದುರಾಗಿದೆಯೋ ಅಲ್ಲೊಂದು ಗುರುತು ಹಾಕಿ. ನೀರು ಹಾಕಲು ಎತ್ತಿಕೊಂಡು ಹೋದರೂ ತಂದು ಅದೇ ದಿಕ್ಕಿಗೆ ಇಡಿ, ಕೊನೆಯ ಮೊಗ್ಗು ಅರಳುವವರೆಗೆ ತಿರುಗಿಸಬೇಡಿ.